ಮುರಿದ ಎಲುಬು, ತೆರೆದ ಗಾಯ

ಎಳ್ಳ ಅಮಾವಾಸ್ಯೆಯ ದಿನ ವಿಜಯಪುರ ಸೀಮೆಯ ಹೊಲಗಳಲ್ಲಿ ಊರಿಗೆ ಊರೇ ನೆರೆದಿರುತ್ತದೆ. ಬಬಲೇಶ್ವರ ತಾಲೂಕಿನ ಮಮದಾಪುರವೂ ಅದಕ್ಕೆ ಹೊರತಲ್ಲ. ಆದಿಲಶಾಹಿ ದೊರೆ ಮುಹಮ್ಮದನ ಹೆಸರನ್ನು ಹೊತ್ತು, ಅವನ ಕಾಲದ ದೊಡ್ಡ ಕೆರೆಯನ್ನು ಇಂದಿಗೂ ಉಳಿಸಿಕೊಂಡಿರುವ ಊರು ಅದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು, ಬೆಂಗಳೂರು ಪುಣೆಗಳಿಂದ ಬಂದ ಮಕ್ಕಳು ಮೊಮ್ಮಕ್ಕಳೆಲ್ಲರೂ ಬಂಡಿಯನ್ನೋ ಟ್ರ್ಯಾಕ್ಟರಿನ ಟ್ರೇಲರನ್ನೋ ಏರಿ ಚರಗ ಚೆಲ್ಲಲು ಹೊರಡುತ್ತಾರೆ. ಅಂಥದೊಂದು ಟ್ರೇಲರಿನ ಅಂಚಿನಲ್ಲಿ ಕುಳಿತಿದ್ದ ಕಾಲೇಜು ಹುಡುಗನೊಬ್ಬನು ದಾರಿಯ ತಗ್ಗಿನಲ್ಲಿ ಕುಲುಕಿ ಕೆಳಗುರುಳಿದನೆಂದು ವಾಚಕರು ಊಹಿಸಿಕೊಳ್ಳಲಿ. ಎಡತೋಳು ಭುಜಕ್ಕೂ ಮೊಣಕೈಗೂ ನಡುವೆ, ಕೀಲೇ ಇಲ್ಲದೆಡೆಯಲ್ಲಿ, ಬಾಗಿದೆ. ಅಂಗಿಯ ತೋಳು ರಕ್ತದಿಂದ ತೊಯ್ದಿದೆ. ಮಣ್ಣು ಮೆತ್ತಿದ ಗಾಯ ಮಾತ್ರ ಕಡಲೆಕಾಳಿನಷ್ಟೇ.

"ಅರಿಷಿಣ ತುಂಬರಿ, ರಕ್ತ ನಿಲ್ತದ" ಎನ್ನುತ್ತಾಳೆ ಆಯಿ. "ಎಲುಬು ಕಟ್ಟಾವ್ರ ಕಡೆ ಒಯ್ಯೋಣು ನಡೀರಿ ಕಾಕಾ, ಸಂಜೀತನಕ ಆರಾಮ ಆಗ್ತಾನ" ಎನ್ನುತ್ತಾನೆ ಇನ್ನೊಬ್ಬ. ಇಬ್ಬರ ಮಾತೂ ಪ್ರೀತಿಯಿಂದ ಬಂದದ್ದೇ. ಆದರೆ ಆ ಎರಡು ಮಾತುಗಳಲ್ಲಿ ಯಾವುದನ್ನು ನಡೆಸಿದರೂ ಹುಡುಗನ ಕೈಗೆ ಅಪಾಯ ತಪ್ಪಿದ್ದಲ್ಲ.

ಚರ್ಮದೊಳಗೇ ಮುರಿದ ಎಲುಬು ಒಂದು ಬಗೆ. ಮುರಿದ ಕಡೆಯಿಂದ ಹೊರಗಾಳಿಗೆ ದಾರಿಯಾದ ಎಲುಬು ಇನ್ನೊಂದು ಬಗೆ. ಸುಶ್ರುತನೂ ಈ ಎರಡನೆಯದನ್ನು ಸವ್ರಣ ಭಗ್ನವೆಂದು ಬೇರೆಯಾಗಿಯೇ ಎಣಿಸಿದ್ದನು. ಎಲುಬು ಹೊರಗೆ ಚಾಚಿಕೊಂಡು ಕಾಣಬೇಕೆಂದೇನೂ ಇಲ್ಲ. ಚೂಪಾದ ತುದಿಯು ಒಳಗಿನಿಂದ ಚರ್ಮವನ್ನು ಚುಚ್ಚಿ ಮತ್ತೆ ಒಳಸರಿದಿರಬಹುದು. ಮುರಿದೆಡೆಯ ಬಳಿ ಎಷ್ಟೇ ಚಿಕ್ಕ ಗಾಯವಿರಲಿ, ಅದನ್ನು ತೆರೆದ ಮುರಿತವೆಂದೇ ಭಾವಿಸತಕ್ಕದ್ದು. ಇಲ್ಲಿ ವೈರಿ ಎಲುಬಿನ ಮುರಿತಕ್ಕಿಂತ ಹೆಚ್ಚಾಗಿ ಆ ಕಿಂಡಿಯಿಂದ ಒಳಹೊಕ್ಕ ರೋಗಾಣು.

ಈ ಮಾತು ವೈದ್ಯಲೋಕಕ್ಕೆ ಮನವರಿಕೆಯಾದ ಕಥೆಯೂ ಒಂದು ಬಂಡಿಯಿಂದಲೇ ಮೊದಲಾಗುತ್ತದೆ. ೧೮೬೫ರ ಆಗಸ್ಟಿನಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಗೆ ಜೇಮ್ಸ್ ಗ್ರೀನ್‌ಲೀಸ್ ಎಂಬ ಹನ್ನೊಂದು ವರ್ಷದ ಬಾಲಕನನ್ನು ಹೊತ್ತು ತಂದರು. ಬಂಡಿಯ ಗಾಲಿ ಕಾಲಿನ ಮೇಲೆ ಹರಿದು ಮುಂಗಾಲಿನ ಎಲುಬು ಮುರಿದು ಗಾಯವಾಗಿತ್ತು. ಅಂದಿನ ದಿನಗಳಲ್ಲಿ ಇಂಥ ಗಾಯವು ಕೊಳೆಯುವುದೆಂಬ ಭಯದಿಂದ ಅವಯವವನ್ನೇ ಕತ್ತರಿಸುವುದು ವಾಡಿಕೆ. ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು ಕತ್ತರಿಸಲಿಲ್ಲ; ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲಿರಿಸಿ ಕಾದನು. ಕೀವಾಗಲಿಲ್ಲ. ಆರು ವಾರಗಳಲ್ಲಿ ಎಲುಬು ಕೂಡಿತು, ಬಾಲಕನ ಕಾಲೂ ಉಳಿಯಿತು.

ಹೊಲದ ಮಣ್ಣು ಸಗಣಿ ಬೆರೆತ ಮಣ್ಣು. ಧನುರ್ವಾಯುವಿನ ಅಣುಗಳಿಗೂ ಮಾಂಸವನ್ನು ಕೊಳೆಯಿಸುವ ಅದರ ಬಂಧುಗಳಿಗೂ ಅದು ತವರುಮನೆ. ೧೯೭೬ರಲ್ಲಿ ಗುಸ್ಟಿಲೋ ಮತ್ತು ಆಂಡರ್ಸನ್ ಎಂಬ ವೈದ್ಯರು ೧,೦೨೫ ತೆರೆದ ಮುರಿತಗಳ ಅನುಭವವನ್ನು ಮುಂದಿಟ್ಟು ಇವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಒಂದು ಸೆಂಟಿಮೀಟರಿಗೂ ಚಿಕ್ಕದಾದ ಶುಭ್ರ ಗಾಯ ಮೊದಲನೆಯ ದರ್ಜೆ. ಮಾಂಸ ಛಿದ್ರವಾದದ್ದು ಮೂರನೆಯದು. ಆದರೆ ಹೊಲ ಕೊಟ್ಟಿಗೆಗಳ ಹೊಲಸು ಹೊಕ್ಕ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಅದನ್ನು ಮೂರನೆಯ ದರ್ಜೆಯದೆಂದೇ ವೈದ್ಯರು ಎಣಿಸುತ್ತಾರೆ. ಮಮದಾಪುರದ ಆ ಕಡಲೆಕಾಳಿನ ಗಾಯವನ್ನು ಕಂಡು ಸಮಾಧಾನಪಡಬಾರದೆಂಬುದಕ್ಕೆ ಇದೇ ಕಾರಣ.

ಹಾಗಾದರೆ ಆಯಿ ಮಾಡಬೇಕಾದುದೇನು? ಅರಿಷಿಣವನ್ನು ಅಡುಗೆಗೇ ಇರಿಸಿ, ಒಗೆದು ಮಡಿಸಿಟ್ಟ ಧೋತರದ ತುಂಡೊಂದನ್ನು ಗಾಯದ ಮೇಲಿಟ್ಟು ಒತ್ತಿ ಹಿಡಿಯಬೇಕು. ಎಲುಬು ಕಾಣುತ್ತಿದ್ದರೆ ಅದನ್ನು ಒಳದೂಡಲೇಬಾರದು, ಕೈಯನ್ನು ಜಗ್ಗಲೂಬಾರದು. ಕಡಗ, ಉಂಗುರ, ಗಡಿಯಾರಗಳನ್ನು ಬಾವು ಏರುವ ಮುನ್ನವೇ ತೆಗೆದುಬಿಡಬೇಕು. ತೋಳಿಗೆ ಅದರ ಪಕ್ಕದ ಎದೆಗೂಡಿಗಿಂತ ಒಳ್ಳೆಯ ಆಸರೆ ಬೇರೊಂದಿಲ್ಲ: ಜೋಳಿಗೆಯಂತೆ ಕಟ್ಟಿದ ಟವಲಿನಲ್ಲಿ ಮುಂಗೈಯನ್ನು ಇಳಿಸಿ, ಇನ್ನೊಂದು ಬಟ್ಟೆಯಿಂದ ತೋಳನ್ನು ಮೈಗೆ ಸೇರಿಸಿ ಕಟ್ಟಿದರೆ ಸಾಕು. ಶಸ್ತ್ರಚಿಕಿತ್ಸೆಗೆ ಮತ್ತು ಬರಿಸಬೇಕಾಗುವುದರಿಂದ ಚಹಾ, ಹೋಳಿಗೆ ಯಾವುದೂ ಬೇಡ. ಇದನ್ನು ಒಪ್ಪಿಸುವುದೇ ಹಬ್ಬದ ದಿನ ಎಲ್ಲಕ್ಕಿಂತ ಕಷ್ಟವಾದ ಕೆಲಸವೆನ್ನಬೇಕು. ಬಳಿಕ ೧೦೮ಕ್ಕೆ ಕರೆ ಮಾಡಿ ವಿಜಯಪುರದ ದೊಡ್ಡ ಆಸ್ಪತ್ರೆಯತ್ತ ಸಾಗತಕ್ಕದ್ದು. ಎಲುಬು ಕಟ್ಟುವವರ ಬಿದಿರು ಪಟ್ಟಿ, ಔಷಧಿಯ ಲೇಪಗಳಿಗೆ ತೆರೆದ ಗಾಯದ ಮೇಲೆ ಎಡೆಯಿಲ್ಲ. ಬಿಗಿಯಾದ ಕಟ್ಟಿನ ಕೆಳಗೆ ರೋಗಾಣುವು ಕತ್ತಲಲ್ಲಿ ಬೆಳೆಯುತ್ತದೆ, ರಕ್ತದ ಓಟವೂ ತಡೆಯುತ್ತದೆ.

ಆಸ್ಪತ್ರೆಯಲ್ಲಿ ಮೊದಲು ದೊರೆಯಬೇಕಾದುದು ಆಂಟಿಬಯಾಟಿಕ್ ಔಷಧಿಯ ಚುಚ್ಚುಮದ್ದು. ಗಾಯವಾದ ಒಂದು ಗಂಟೆಯೊಳಗೆ ಅದು ಬಿದ್ದರೆ ಬಹಳ ಒಳ್ಳೆಯದು. ಧನುರ್ವಾಯುವಿನ ಚುಚ್ಚುಮದ್ದು ಅದರ ಜೊತೆಗೆ. ಆಮೇಲೆ ಶಸ್ತ್ರವೈದ್ಯರು ಗಾಯವನ್ನು ಬೇಕೆಂದೇ ದೊಡ್ಡದು ಮಾಡಿ, ಸತ್ತ ಮಾಂಸವನ್ನೂ ಮಣ್ಣನ್ನೂ ತೆಗೆದು, ಲೀಟರುಗಟ್ಟಲೆ ಲವಣಜಲದಿಂದ ತೊಳೆಯುತ್ತಾರೆ. ಚಿಕ್ಕ ಗಾಯವನ್ನು ಕೊಯ್ದು ಹಿಗ್ಗಿಸಿದರೆಂದು ಮನೆಯವರು ಕೋಪಗೊಳ್ಳುವುದುಂಟು. ಇಡೀ ಚಿಕಿತ್ಸೆಯ ಜೀವಾಳವೇ ಅದು. ಸಾಬೂನುನೀರು ಇನ್ನೂ ಲೇಸೆಂಬ ಊಹೆಯನ್ನು ಭಾರತವೂ ಪಾಲ್ಗೊಂಡ, ೨,೪೦೦ಕ್ಕೂ ಮಿಕ್ಕ ರೋಗಿಗಳ ಪರೀಕ್ಷೆಯೊಂದು ೨೦೧೫ರಲ್ಲಿ ಸುಳ್ಳುಮಾಡಿತು. ಬರಿಯ ಲವಣಜಲವೇ ಗೆದ್ದಿತು.

ಗಾಯ ಶುಭ್ರವಾಗಿದ್ದರೆ ಎಲುಬಿಗೆ ಲೋಹದ ಪಟ್ಟಿಯನ್ನೋ ಸಲಾಕೆಯನ್ನೋ ಅಳವಡಿಸುತ್ತಾರೆ. ಮಲಿನವಾಗಿದ್ದರೆ ಚರ್ಮದ ಹೊರಗಿನ ಚೌಕಟ್ಟಿನಿಂದ ಹಿಡಿದಿರಿಸಿ ಕಾಯುತ್ತಾರೆ. ತೋಳಿನ ಎಲುಬಿನ ಭಾಗ್ಯವೆಂದರೆ ಅದರ ಸುತ್ತ ದಟ್ಟವಾದ ಮಾಂಸವಿದೆ. ಬರಿಯ ಚರ್ಮದ ಹೊದಿಕೆಯುಳ್ಳ ಮುಂಗಾಲಿನ ಎಲುಬಿಗೆ ಆ ಭಾಗ್ಯವಿಲ್ಲ.

ಆದರೆ ತೋಳಿಗೆ ತನ್ನದೇ ಆದ ಒಂದು ಕೇಡುಂಟು. ಮಣಿಕಟ್ಟನ್ನು ಮೇಲೆತ್ತಿಸುವ ನರವು ಈ ಎಲುಬಿನ ಹಿಂಬದಿಗೆ ಬಳ್ಳಿಯಂತೆ ಸುತ್ತಿಕೊಂಡು ಇಳಿಯುತ್ತದೆ. ಎಲುಬು ಮುರಿದಾಗ ಅದೂ ಜಜ್ಜಿಹೋಗಬಹುದು, ಹರಿಯಲೂಬಹುದು. ಹುಡುಗನ ಅಂಗೈ ಜೋತುಬಿದ್ದು, "ಕೈ ಮ್ಯಾಲೆತ್ತಪಾ" ಎಂದರೂ ಮಣಿಕಟ್ಟು ಏಳದಿದ್ದರೆ, ಆ ಸಂಗತಿಯನ್ನು ಮೊದಲ ಗಳಿಗೆಯಲ್ಲಿಯೇ ವೈದ್ಯರಿಗೆ ತಿಳಿಸಬೇಕು. ಗಾಯವನ್ನು ಹೇಗೂ ತೆರೆಯುವುದರಿಂದ ನರವನ್ನೂ ಆಗಲೇ ಕಣ್ಣಾರೆ ನೋಡುತ್ತಾರೆ. ಜಜ್ಜಿದ ನರವಾದರೆ ತಿಂಗಳುಗಳಲ್ಲಿ ತಾನಾಗಿ ಚೇತರಿಸಿಕೊಳ್ಳುವುದೇ ಹೆಚ್ಚು. ಹರಿದದ್ದಾದರೆ ಹೊಲಿಗೆ ಬೇಕು.

ಎಲುಬು ಕೂಡಲು ಮೂರು ತಿಂಗಳೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಬೀಡಿ, ಗುಟಕಾಗಳ ಚಟವಿದ್ದವರಿಗೆ ಇನ್ನೂ ತಡ. ಬೆರಳು, ಮೊಣಕೈ, ಭುಜಗಳನ್ನು ವೈದ್ಯರು ಹೇಳಿದ ದಿನದಿಂದಲೇ ಆಡಿಸತೊಡಗಬೇಕು. ನೋವೆಂದು ಮುದುರಿಟ್ಟ ಮೊಣಕೈ ಹಾಗೆಯೇ ಬಿಗಿದುಕೊಳ್ಳುತ್ತದೆ. ಮನೆಗೆ ಮರಳಿದ ಮೇಲೆ ಜ್ವರ ಬಂದರೆ, ಹೊಲಿಗೆಯ ಸುತ್ತ ಕೆಂಪೇರಿದರೆ, ಮಾಗಿದಂತೆ ಕಂಡ ಗಾಯದಿಂದ ಕೀವು ಒಸರಿದರೆ, ಮುಂದಿನ ತಪಾಸಣೆಯ ದಿನ ಬರಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.