ತಿಂಡಿಯ ನಂತರ ಕತ್ತರಿ, ಊಟದ ವೇಳೆಗೆ ಉಡುಪು

ಬೆಳಗಿನ ತಿಂಡಿ ಮುಗಿಸಿ ಹೊಲಿಗೆಗೆ ಕುಳಿತರೆ ಮಧ್ಯಾಹ್ನದ ಊಟದ ವೇಳೆಗೆ ಅದನ್ನೇ ತೊಟ್ಟು ಹೊರಗೆ ನಡೆಯಬಹುದು! ಅಮೆರಿಕದ ಬಟರಿಕ್ ಸಂಸ್ಥೆ 1952ರಲ್ಲಿ ಹೊರತಂದ 6015ನೆಯ ಸಂಖ್ಯೆಯ ಪ್ಯಾಟರ್ನಿಗೆ ಖ್ಯಾತಿಯನ್ನು ತಂದುದು ಈ ಮಾತೇ. ಆ ಉಡುಪಿಗೆ ‘ವಾಕ್‌ಅವೇ’ ಎಂಬ ಹೆಸರೇ ನಿಂತುಹೋಯಿತು. ಈ ಶತಮಾನದಲ್ಲಿ ಅದು 4790 ಎಂಬ ಹೊಸ ಸಂಖ್ಯೆಯಿಂದ ಮತ್ತೆ ಅಚ್ಚಾಯಿತು. ಹಳೆಯ ಲಕೋಟೆ ಸಿಕ್ಕವರಿರಲಿ, ಹೊಸದನ್ನು ಕೊಂಡವರಿರಲಿ, ಆ ಮಾತನ್ನು ನಂಬಿ ಅಂದೇ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕದಿದ್ದರೆ ಲೇಸು.

ಉಡುಪಿನ ಯುಕ್ತಿಯೇನೋ ಮೆಚ್ಚತಕ್ಕದ್ದೇ. ಇದಕ್ಕೆ ಪಕ್ಕದ ಹೊಲಿಗೆಯಿಲ್ಲ, ತೋಳಿಲ್ಲ. ತಲೆಯ ಮೇಲಿನಿಂದ ತೊಟ್ಟುಕೊಂಡು, ಮುಂದೆ ಇಳಿಬಿದ್ದ ಕಿರಿದಾದ ಭಾಗವನ್ನು ಎರಡು ಕಡೆಯಿಂದಲೂ ಬೆನ್ನಿಗೆ ಒಯ್ದು ಸೊಂಟದಲ್ಲಿ ಬಿಗಿಯಬೇಕು. ಬಳಿಕ ಹಿಂದಿನ ವಿಶಾಲವಾದ ಲಂಗವನ್ನು ಮುಂದಕ್ಕೆ ಸುತ್ತಿ ಗುಂಡಿ ಹಾಕಬೇಕು. ಅಂಚುಗಳಿಗೆಲ್ಲ ಓರೆಪಟ್ಟಿ. ಸೀರೆಯುಟ್ಟು ಬೆಳೆದ ನಮ್ಮ ಸೋದರಿಯರಿಗೆ ಸುತ್ತುವ ಕ್ರಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೊಡಕು ಇರುವುದು ಅಳತೆಯಲ್ಲಿ.

ಮೆಸಾಚುಸೆಟ್ಸಿನ ಎಬನೇಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಅಳತೆಗಳಿಗೆ ಕಾಗದದ ಪ್ಯಾಟರ್ನುಗಳನ್ನು ಸಿದ್ಧಪಡಿಸಿದ. ಮನೆಯಲ್ಲಿ ಹೊಲಿಯುವ ಹೆಂಗಸರಿಗೆ ಅದು ದೊಡ್ಡ ಉಪಕಾರವೇ ಆಯಿತು. ಆದರೆ ಲಕೋಟೆಯ ಮೇಲಿನ ಸಂಖ್ಯೆ ಕಾಲಕಾಲಕ್ಕೆ ಅರ್ಥವನ್ನು ಬದಲಿಸಿಕೊಂಡಿದೆ. 1952ರಲ್ಲಿ 14ನೆಯ ಅಳತೆಯೆಂದರೆ ಎದೆಯ ಸುತ್ತು 32 ಅಂಗುಲ. ಇಂದಿನ ಪ್ಯಾಟರ್ನುಗಳಲ್ಲಿ ಅದೇ 14ಕ್ಕೆ 36 ಅಂಗುಲ. ನಾಲ್ಕು ಅಂಗುಲದ ಅಂತರ! ಆದುದರಿಂದ ಸಂಖ್ಯೆಯನ್ನು ಮರೆತು ಅಂಗುಲಗಳನ್ನಷ್ಟೇ ಓದಿರಿ. ಹಳೆಯ ಲಕೋಟೆಯಲ್ಲಿ ಸಾಮಾನ್ಯವಾಗಿ ಒಂದೇ ಅಳತೆಯಿರುತ್ತದೆ. ಕೆಲವದರಲ್ಲಿ ಗೆರೆಗಳೂ ಇಲ್ಲದೆ ಬರಿಯ ತೂತುಗಳೇ ಗುರುತು. ಕಾಗದವೂ ಒಣಗಿದ ಎಲೆಯಂತೆ ಗರಿಗರಿಯಾಗಿರುತ್ತದೆ. ನೀರು ತಾಗಿಸದೆ, ಎಳೆಬಿಸಿ ಇಸ್ತ್ರಿಯಿಂದ ಸುಕ್ಕು ತೆಗೆದು, ಕಂದು ಕಾಗದದ ಮೇಲೆ ನಕಲು ಮಾಡಿಕೊಳ್ಳಿ. ಮೂಲವನ್ನು ಮಡಚಿ ಲಕೋಟೆಗೆ ಸೇರಿಸಿ. ಕತ್ತರಿಯೂ ತಿದ್ದುಪಡಿಯೂ ನಕಲಿಗೇ ಇರಲಿ. ಎಪ್ಪತ್ತು ವರ್ಷ ಬಾಳಿದ ಕಾಗದ ಒಮ್ಮೆ ಹರಿದರೆ ಹೋಯಿತು.

ದರ್ಜಿಗೆ ಅಳತೆ ರವಿಕೆ ಕೊಟ್ಟು ಬರುವುದು ನಮ್ಮ ರೂಢಿ. ಇಲ್ಲಿ ಆ ರವಿಕೆ ಭುಜಕ್ಕೂ ಎದೆಗೂ ಸಾಕ್ಷಿ ಹೇಳೀತು. ಸೊಂಟಕ್ಕೆ ಹೇಳದು, ಏಕೆಂದರೆ ಅದು ಎದೆಯ ಕೆಳಗೇ ಮುಗಿದುಹೋಗುತ್ತದೆ. ಸೊಂಟಕ್ಕೊಂದು ದಾರ ಕಟ್ಟಿ, ಕತ್ತಿನ ಹಿಂದಿನ ಮೂಳೆಯಿಂದ ಆ ದಾರದವರೆಗೆ ಟೇಪು ಹಿಡಿಯಿರಿ. ಮುಂದುಗಡೆ ಭುಜದಿಂದಲೂ ಹಾಗೆಯೇ. ಈ ಎರಡು ಅಳತೆಗಳು ಪ್ಯಾಟರ್ನಿಗೆ ಹೊಂದದಿದ್ದರೆ ಉಳಿದುದೆಲ್ಲ ಹೊಂದಿಯೂ ಫಲವಿಲ್ಲ.

ಇನ್ನು ಪರೀಕ್ಷೆಯ ಹೊಲಿಗೆ. ಕೋರಾ ಬಟ್ಟೆಯೋ ಹಳೆಯ ಹಾಸುಬಟ್ಟೆಯೋ ಸಾಕು. ಹಲವರು ಮೇಲುಭಾಗವನ್ನು ಮಾತ್ರ ಟಾಕು ಹಾಕಿ ನೋಡಿ ತೃಪ್ತರಾಗುತ್ತಾರೆ. ಈ ಉಡುಪಿಗೆ ಅದು ಸಾಲದು. ಲಂಗದ ಭಾರವೆಲ್ಲ ಬೆನ್ನಿನ ಕಡೆ ತೂಗುತ್ತದೆ. ಆ ಭಾರ ಭುಜವನ್ನು ಹಿಂದಕ್ಕೆ ಜಗ್ಗಿದಾಗ ಮುಂದಿನ ಕೊರಳು ಗಂಟಲಿಗೆ ಏರುತ್ತದೆ. ಲಂಗ ಸೇರಿಸದೆ ನೋಡಿದವರಿಗೆ ಇದು ತಿಳಿಯುವುದು ಒಳ್ಳೆಯ ಬಟ್ಟೆ ಕತ್ತರಿಸಿದ ಮೇಲೆಯೇ! ಲಂಗವನ್ನೂ ಸೇರಿಸಿ, ತೊಟ್ಟು, ನಾಲ್ಕು ಹೆಜ್ಜೆ ನಡೆದು ನೋಡಿ. ಕೊರಳು ಏರಿದರೆ ಹಿಂಭಾಗದ ಸೊಂಟದ ಒಳಗೆ ಗಟ್ಟಿಯಾದ ಪಟ್ಟಿಯೊಂದನ್ನು ಹೊಲಿದು, ಅದರ ತುದಿಗಳನ್ನು ಮೈಗೆ ತಾಗಿದಂತೆ ಮುಂದೆ ತಂದು ಹುಕ್ಕು ಹಾಕಿ. ಭಾರವನ್ನು ಸೊಂಟ ಹೊರುತ್ತದೆ, ಭುಜ ಉಸಿರಾಡುತ್ತದೆ. ಕಂಕುಳಲ್ಲಿ ಬಾಯಿಬಿಟ್ಟರೆ ಗುಂಡುಸೂಜಿಯಿಂದ ಹಿಡಿದು ಟಕ್ಸ್ ಗುರುತುಮಾಡಿ.

ಬಟ್ಟೆ ಹಗುರವಾದ ಹತ್ತಿಯದಿರಲಿ. ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿ. ಪಟ್ಟೆಯ ಬಟ್ಟೆಯನ್ನೂ ಒಂದೇ ದಿಕ್ಕಿಗೆ ನೋಡುವ ಹೂಗಳ ಬಟ್ಟೆಯನ್ನೂ ನಾವು ಆರಿಸೆವು, ಲಂಗದ ಸುತ್ತಿನಲ್ಲಿ ಹೂವುಗಳು ತಲೆಕೆಳಗಾಗುತ್ತವೆ. ಕೊರಳು, ತೋಳುಗಳ ಬಾಗು ಎಳೆದಾಡಿ ಹಿಗ್ಗದಂತೆ, ಕತ್ತರಿಸಿದೊಡನೆ ಅಂಚಿನ ಸಮೀಪದಲ್ಲೇ ಯಂತ್ರದ ಒಂದು ಸಾಲು ಓಡಿಸಿಬಿಡಿ. ಓರೆಪಟ್ಟಿ ಅದನ್ನು ಮುಚ್ಚುತ್ತದೆ.

ಸೊಂಟ 28 ಅಂಗುಲ, ಉದ್ದವೂ 28 ಅಂಗುಲವಿರುವ ಲಂಗವನ್ನು ಪೂರ್ಣ ವೃತ್ತವಾಗಿ ಕತ್ತರಿಸಿದರೆ ಕೆಳಗಿನ ಸುತ್ತು 204 ಅಂಗುಲ, ಎಂದರೆ ಐದೂವರೆ ಗಜಕ್ಕೂ ಹೆಚ್ಚು. ಈ ಉಡುಪಿನ ಲಂಗವೂ ಆ ಜಾತಿಯದೇ. ಅದರಲ್ಲಿ ಓರೆಯಾಗಿ ಬಿದ್ದ ಭಾಗಗಳು ತಮ್ಮ ಭಾರಕ್ಕೆ ತಾವೇ ಜೋತುಬೀಳುತ್ತವೆ. ಒಂದು ಹಗಲು, ಒಂದು ರಾತ್ರಿಯಾದರೂ ತೂಗಹಾಕಿ. ಮರುದಿನ ತೊಟ್ಟು ನೆಟ್ಟಗೆ ನಿಂತಿರಿ. ಮನೆಯವರೊಬ್ಬರು ನೆಲದ ಮೇಲೆ ಕುಳಿತು ಕೋಲು ಹಿಡಿದು ಸೀಮೆಸುಣ್ಣದಿಂದ ಸುತ್ತಲೂ ಗುರುತು ಹಾಕಲಿ. ನೀವು ಬಗ್ಗಿ ನೋಡಿದರೆ ಗುರುತು ಕೆಡುತ್ತದೆ.

ಸೊಂಟದ ಗುಂಡಿ ಎಲ್ಲಕ್ಕೂ ಕೊನೆಯದು. ಅದರ ಸ್ಥಾನವನ್ನು ಊಟಕ್ಕೆ ಮುಂಚೆ ನಿಶ್ಚಯಿಸಬೇಡಿ. ಊಟ ಮುಗಿಸಿ, ಉಡುಪು ತೊಟ್ಟು ಕುರ್ಚಿಯ ಮೇಲೆ ಕುಳಿತು, ಲಂಗದ ತೆರೆ ಎಷ್ಟು ಸರಿಯುತ್ತದೆಂಬುದನ್ನು ನೋಡಿಕೊಂಡು ಸೂಜಿ ಹಿಡಿಯಿರಿ.