ಬೆಳ್ಳಿಯ ಮೇಲಣ ಮುಖ

ನಾಣ್ಯಸಂಗ್ರಹದಲ್ಲಿ ಹೊಸದಾಗಿ ಆಸಕ್ತಿ ತಳೆದಿರುವ ನಮ್ಮ ವಾಚಕರೊಬ್ಬರು ಪ್ರಶ್ನೆಯೊಂದನ್ನು ಕಳುಹಿಸಿರುವರು. ತಮ್ಮಲ್ಲಿರುವ ಪ್ರಾಚೀನ ರೋಮನ್ ಬೆಳ್ಳಿಯ ನಾಣ್ಯವು ಕಪ್ಪಾಗಿದೆಯೆಂದೂ, ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಬಹುದೇ ಎಂದೂ ಕೇಳಿರುವರು. ಪೂಜೆಯ ಪಾತ್ರೆಗಳನ್ನು ಬೆಳಗುವ ಮನೆಯಲ್ಲಿ ಇಂತಹ ಆಲೋಚನೆ ಹುಟ್ಟುವುದು ಸಹಜವೇ. ಆದರೂ ಕೂಡದೆಂಬುದೇ ನಮ್ಮ ಉತ್ತರ. ಕಾರಣವನ್ನು ಆ ನಾಣ್ಯವೇ ಹೇಳಲಿ.

ನಾಣ್ಯದ ಒಂದು ಕಡೆ ಎಲೆಗಳ ಮಾಲೆಯನ್ನು ಮುಡಿದ ತರುಣನ ಮುಖವೂ, ಇನ್ನೊಂದು ಕಡೆ ಗುರಾಣಿಗಳನ್ನು ಹಿಡಿದು ನಿಂತ ಇಬ್ಬರೂ ಇರುವರೆಂದು ಅವರು ಬರೆದಿರುವರು. ಇದು ಅಗಸ್ಟಸ್ ಚಕ್ರವರ್ತಿಯ ದಿನಾರಿಯಸ್ ಎಂಬ ನಾಣ್ಯ. ತೂಕ ಸುಮಾರು ತೊಲದ ಮೂರರಲ್ಲೊಂದು ಪಾಲು. ಜೀವಿಸಿರುವ ರೋಮನ್ನನ ಮುಖವನ್ನು ರೋಮಿನ ನಾಣ್ಯದಲ್ಲಿ ಅಚ್ಚೊತ್ತುವ ಪದ್ಧತಿ ಕ್ರಿ. ಪೂ. ೪೪ರಲ್ಲಿ ಜೂಲಿಯಸ್ ಸೀಸರನಿಂದ ಮೊದಲಾಯಿತು. ಅಗಸ್ಟಸನು ಆತನ ದತ್ತುಪುತ್ರ.

ನಾಣ್ಯದ ಅಂಚಿನಲ್ಲಿರುವ ಅಕ್ಷರಗಳು ಅಗಸ್ಟಸನನ್ನು ‘ದೇಶದ ತಂದೆ’ ಎಂದು ಕರೆಯುವುವು. ಈ ಬಿರುದು ಆತನಿಗೆ ದೊರೆತುದು ಕ್ರಿ. ಪೂ. ೨ರಲ್ಲಿ. ಆಗ ಆತನ ವಯಸ್ಸು ಅರುವತ್ತು. ಮುಖವಾದರೋ ತರುಣನದು! ರಾಜ್ಯವು ಮುದಿಯಾಗದೆಂದು ಪ್ರಜೆಗಳಿಗೆ ತೋರಿಸಲು ಅರಸನ ಮುಖದ ಮೇಲೆ ಸುಕ್ಕು ಬೀಳಗೊಡಲಿಲ್ಲ.

ಹಿಂಬದಿಯಲ್ಲಿರುವವರು ಗೇಯಸ್ ಮತ್ತು ಲೂಸಿಯಸ್, ಅಗಸ್ಟಸನ ದೌಹಿತ್ರರು. ಗಂಡುಮಕ್ಕಳಿಲ್ಲದ ಆತನು ಮಗಳು ಜೂಲಿಯಾಳ ಈ ಮಕ್ಕಳನ್ನು ದತ್ತು ತೆಗೆದುಕೊಂಡು, ತನ್ನ ತರುವಾಯ ಇವರೇ ಆಳಬೇಕೆಂದು ಬಯಸಿದನು. ಲೂಸಿಯಸನು ಕ್ರಿ. ಶ. ೨ರಲ್ಲಿಯೂ, ಗೇಯಸನು ೪ರಲ್ಲಿಯೂ ತೀರಿಕೊಂಡರು. ಅಜ್ಜನು ಮಾತ್ರ ಕ್ರಿ. ಶ. ೧೪ರವರೆಗೆ ಬದುಕಿದ್ದನು. ಕೊನೆಗೆ ಪಟ್ಟವು ಹೆಂಡತಿಯ ಮೊದಲ ಗಂಡನ ಮಗನಾದ ಟೈಬೀರಿಯಸನಿಗೆ ಸಂದಿತು. ಅಜ್ಜನೊಬ್ಬನ ಆಸೆ ಕೈಗೂಡದೆ ಹೋಯಿತು. ಆ ಆಸೆಯ ಗುರುತು ಬೆಳ್ಳಿಯಲ್ಲಿ ಉಳಿಯಿತು.

ಈ ಬಗೆಯ ನಾಣ್ಯಗಳು ನಮ್ಮ ದೇಶಕ್ಕೂ ಬಂದುವು. ಮೆಣಸು, ರತ್ನ, ನಯವಾದ ಬಟ್ಟೆಗಳಿಗಾಗಿ ರೋಮನ್ ವರ್ತಕರು ಚಿನ್ನ ಬೆಳ್ಳಿಗಳನ್ನು ಹಡಗಿನಲ್ಲಿ ತರುತ್ತಿದ್ದರು. ದಕ್ಷಿಣದಲ್ಲಿ ದೊರೆತ ಬೆಳ್ಳಿಯ ನಾಣ್ಯಗಳಲ್ಲಿ ಅಗಸ್ಟಸನವೂ ಟೈಬೀರಿಯಸನವೂ ವಿಶೇಷವಾಗಿ ಕಾಣುವುವು. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಇಂತಹ ನಾಣ್ಯಗಳ ನಿಧಿ ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮನ್ ನಾಣ್ಯಗಳು ಸಿಕ್ಕಿವೆ.

ಈಗ ಹುಣಿಸೆಹಣ್ಣಿನ ಮಾತು. ಕೆನ್ನೆಯ ನುಣುಪು, ಕೂದಲಿನ ಎಳೆ, ಅಂಚಿನ ಅಕ್ಷರ ಇವೆಲ್ಲ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿರುವುವು. ಹುಳಿಯೂ ತಿಕ್ಕುವ ಕೈಯೂ ಕಪ್ಪನ್ನು ತೆಗೆಯುವಾಗ ಲೋಹವನ್ನೂ ಒಯ್ಯುವುವು. ಎರಡು ಸಾವಿರ ವರ್ಷ ಉಳಿದುದು ಅರೆಗಳಿಗೆಯಲ್ಲಿ ಅಳಿಯುವುದು. ಉಳಿಯುವುದು ಹೊಳೆಯುವ ಬಿಲ್ಲೆ ಮಾತ್ರ. ಆದುದರಿಂದ ನಾಣ್ಯವನ್ನು ಅಂಚಿನಲ್ಲಿ ಹಿಡಿಯತಕ್ಕದ್ದು, ಒಣಗಿದ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಇಡತಕ್ಕದ್ದು. ಯಾರಿಂದ, ಎಂದು ಕೊಂಡುದು, ತೂಕವೆಷ್ಟು, ದೊರೆತ ಸ್ಥಳ ಯಾವುದೆಂಬುದನ್ನು ಚೀಟಿಯಲ್ಲಿ ಬರೆದಿಡತಕ್ಕದ್ದು. ಸ್ಥಳದ ಹೆಸರು ಕಳೆದುಹೋದ ನಾಣ್ಯವು ಊರು ಮರೆತ ಮಗುವಿನಂತೆ.

ಹೊಲ ಉಳುವಾಗ, ಪಾಯ ತೋಡುವಾಗ ನಿಧಿ ಸಿಕ್ಕಿದರೆ ಅದನ್ನು ಹಂಚಿಕೊಳ್ಳದೆ, ಕರಗಿಸದೆ ಸರ್ಕಾರಕ್ಕೆ ತಿಳಿಸತಕ್ಕದ್ದು ಕಾಯಿದೆಯ ಮಾತು. ನೂರು ವರ್ಷ ಮೀರಿದ ನಾಣ್ಯವು ೧೯೭೨ರ ಕಾಯಿದೆಯಂತೆ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ನಮ್ಮ ವಾಚಕರು ಆ ಕಪ್ಪು ನಾಣ್ಯವನ್ನು ಹಾಗೆಯೇ ಇರಿಸಿಕೊಳ್ಳಲಿ. ಸಂಜೆಯ ದೀಪದ ಬಳಿ ಮನೆಯ ಮಕ್ಕಳಿಗೆ ಅದನ್ನು ತೋರಿಸಿ, ಮುಪ್ಪಿಲ್ಲದ ಆ ಅಜ್ಜನ ಕಥೆಯನ್ನು ಹೇಳಲಿ. ಕಪ್ಪಿನೊಳಗಿಂದ ಆ ಇಬ್ಬರು ಹುಡುಗರು ತಾವಾಗಿಯೇ ಕಾಣಿಸಿಕೊಳ್ಳುವರು.