ಆಕಾಶವಾಣಿಗೂ ಒಂದು ಪಟ್ಟಿ

ಧಾರವಾಡದ ಆಕಾಶವಾಣಿಯು 1950ನೆಯ ಇಸವಿಯ ಜನವರಿ 8ರಂದು ಆರಂಭವಾದಾಗ, ರೇಡಿಯೋ ಇಟ್ಟವನು ವರ್ಷಕ್ಕೊಮ್ಮೆ ಟಪಾಲು ಕಚೇರಿಯಲ್ಲಿ ಹಣ ತೆತ್ತು ಪರವಾನಿಗೆ ಪಡೆಯಬೇಕಾಗಿತ್ತು. 1980ರ ದಶಕದಲ್ಲಿ ಸರಕಾರವು ಆ ಶುಲ್ಕವನ್ನು ತೆಗೆದುಹಾಕಿತು. ಜನರು ಹರ್ಷಪಟ್ಟರು, ಅದರೊಡನೆ ತಮ್ಮ ಕೈಬಿಟ್ಟು ಹೋದುದೇನೆಂದು ವಿಚಾರಿಸಲಿಲ್ಲ.

ಇಂದು ಪ್ರಸಾರ ಭಾರತಿಗೆ ಕೇಂದ್ರ ಸರಕಾರದ ಅನುದಾನವೇ ಮುಖ್ಯ ಆಧಾರ. ದಿಲ್ಲಿಯ ಹಣದೊಡನೆ ದಿಲ್ಲಿಯ ಇಚ್ಛೆಯೂ ಬರುವುದು. ನವಲಗುಂದದ ಹತ್ತಿಯ ರೈತನಿಗೂ ಕಲಘಟಗಿಯ ಭತ್ತದ ರೈತನಿಗೂ ಬೇಕಾದುದು ತನ್ನ ಸೀಮೆಯ ಮಳೆಯ ಸುದ್ದಿ, ಪೇಟೆಯ ಧಾರಣೆ, ತನ್ನ ಕನ್ನಡ. ಇವು ತಪ್ಪಿದರೆ ಯಾವ ಹಕ್ಕಿನಿಂದ ಅವನು ಜಗಳಾಡಬೇಕು? ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಪಟ್ಟಿ ಎತ್ತುವರು. ಎರಡೇ ರೂಪಾಯಿ ಕೊಟ್ಟವನೂ ಎದ್ದುನಿಂತು ಲೆಕ್ಕ ಕೇಳುವನು. ಕೊಡದವನು ಗುಡಿಯ ಕಟ್ಟೆಯ ಮೇಲೆ ಕುಳಿತು ಗೊಣಗುವನು. ಆಕಾಶವಾಣಿಯ ವಿಷಯದಲ್ಲಿ ನಾವೆಲ್ಲರೂ ಕಟ್ಟೆಯವರೇ ಆಗಿದ್ದೇವೆ.

ಹಾಗೆಂದು ಹಳೆಯ ರೀತಿಯ ವಸೂಲಿ ಬೇಡ. 1927ರಲ್ಲಿ ಮುಂಬಯಿಯಲ್ಲಿ ಪ್ರಸಾರ ಆರಂಭಿಸಿದ ಖಾಸಗಿ ಕಂಪನಿಯು 10 ರೂಪಾಯಿಯ ಪರವಾನಿಗೆಯನ್ನು ನೆಚ್ಚಿ, ಹಣ ಸಾಲದೆ 1930ರಲ್ಲಿ ಮುಚ್ಚಿಹೋಯಿತು. ಈಗಂತೂ ರೇಡಿಯೋ ಮೊಬೈಲಿನೊಳಗೆ ಅಡಗಿದೆ, ಎಣಿಸುವವರಾರು? ಜರ್ಮನಿಯಲ್ಲಿ 2013ರಿಂದ ಯಂತ್ರಗಳನ್ನೆಣಿಸದೆ ಮನೆಯೊಂದಕ್ಕೆ ಇಷ್ಟೆಂದು ಪಡೆಯುತ್ತಾರೆ. ಇಲ್ಲಿಯೂ ಪಂಚಾಯತಿಯು ಮನೆಪಟ್ಟಿಯೊಡನೆ ಅಲ್ಪ ಮೊತ್ತವನ್ನು ಕೂಡಿಸಿಕೊಳ್ಳಲಿ, ಬಡವರಿಗೆ ಮಾಫಿಯಿರಲಿ, ಹಣವು ಧಾರವಾಡದ ಕೇಂದ್ರಕ್ಕೇ ಸಲ್ಲಲಿ. ವರ್ಷದ ಲೆಕ್ಕವನ್ನು ಅದೇ ಆಕಾಶವಾಣಿಯಲ್ಲಿ, ಎಲ್ಲರೂ ಕೇಳುವ ಹೊತ್ತಿನಲ್ಲಿ, ಓದಿ ಹೇಳತಕ್ಕದ್ದು.